ಒತ್ತಡ ಹುಡುಗನದೋ, ವೇಳಾಪಟ್ಟಿಯದೋ?

ನಮ್ಮ ಕಾಲೇಜುಗಳಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ವ್ರತ ಬಳಕೆಗೆ ಬಂದಿದೆ. ಅದರ ಹೆಸರು ‘ಒತ್ತಡ ನಿರ್ವಹಣೆ’. ವರ್ಷಕ್ಕೆ ಒಂದೋ ಎರಡೋ ಸಲ, ಸಾಮಾನ್ಯವಾಗಿ ಶನಿವಾರದ ದಿನ, ಹುಡುಗರನ್ನೆಲ್ಲ ಸಭಾಂಗಣಕ್ಕೆ ಕರೆದು ಕೂರಿಸುತ್ತಾರೆ. ಹೊರಗಿನಿಂದ ಮಹನೀಯರೊಬ್ಬರು ಬರುತ್ತಾರೆ. ಅವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಿನ್ಸಿಪಾಲರ ಪ್ರಾಸ್ತಾವಿಕ ನುಡಿ, ಇಷ್ಟು ಮುಗಿಯುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ. ಆಮೇಲೆ ಅತಿಥಿಗಳು ಕಾಲದ ಬೆಲೆಯನ್ನು ಕುರಿತು ಎರಡು ಗಂಟೆ ಮಾತನಾಡುತ್ತಾರೆ. ಕಣ್ಣು ಮುಚ್ಚಿ ಉಸಿರನ್ನು ನಿಧಾನವಾಗಿ ಎಳೆದು ಬಿಡಿ ಎನ್ನುತ್ತಾರೆ. ಹಿಂದಿನ ಸಾಲಿನ ಹುಡುಗ ಕಣ್ಣು ಮುಚ್ಚಿದವನು ಅಲ್ಲಿಯೇ ನಿದ್ದೆ ಹೋಗುತ್ತಾನೆ. ಆ ಸಭೆಯಿಂದ ಯಾರಿಗಾದರೂ ನಿಜವಾದ ಉಪಕಾರವಾಗಿದ್ದರೆ ಅವನಿಗೆ ಎಂದು ನನ್ನ ಅಭಿಪ್ರಾಯ. ಹಾಜರಿ ಕಡ್ಡಾಯ. ಕೆಲವು ಕಡೆ ಉಪನ್ಯಾಸದ ಬಗ್ಗೆ ಎರಡು ಪುಟದ ವರದಿ ಬರೆದು ಸೋಮವಾರ ಒಪ್ಪಿಸಬೇಕೆಂಬ ಅಪ್ಪಣೆಯೂ ಉಂಟು. ಒತ್ತಡವನ್ನು ಇಳಿಸಲು ಬಂದವರು ಹುಡುಗನ ತಲೆಯ ಮೇಲೆ ಇನ್ನೊಂದು ಬರವಣಿಗೆಯ ಗಂಟು ಇಟ್ಟು ಹಣ್ಣಿನ ಬುಟ್ಟಿಯೊಡನೆ ಕಾರು ಹತ್ತುತ್ತಾರೆ.

ನಾನೇನೂ ಪ್ರಾಣಾಯಾಮದ ವೈರಿಯಲ್ಲ. ಉಸಿರಾಟದಿಂದ ಮನಸ್ಸು ಶಾಂತವಾಗುವುದಾದರೆ ಆಗಲಿ. ನನ್ನ ತಕರಾರು ಇರುವುದು ಈ ಉಪದೇಶದ ಹೊಟ್ಟೆಯೊಳಗೆ ಅಡಗಿರುವ ಆರೋಪದ ಮೇಲೆ. ‘ಅಯ್ಯಾ, ನಿನಗೆ ಕಷ್ಟವಾಗುತ್ತಿದ್ದರೆ ನಿನಗೆ ಸಮಯವನ್ನು ಬಳಸಲು ಬಾರದು, ನಿನ್ನ ಮನಸ್ಸು ಗಟ್ಟಿಯಿಲ್ಲ’ ಎಂಬುದು ಆ ಆರೋಪ. ಕೆಲಸ ಎಷ್ಟಿದೆ, ಅದನ್ನು ಮಾಡಲು ಗಂಟೆ ಎಷ್ಟಿದೆ ಎಂದು ಯಾರೂ ಕೂಡಿ ನೋಡುವುದಿಲ್ಲ. ಅಂಗಡಿಯವನು ಕೂಡ ಗಿರಾಕಿಯನ್ನು ಬಯ್ಯುವ ಮೊದಲು ಚೀಟಿಯ ಲೆಕ್ಕವನ್ನು ಇನ್ನೊಮ್ಮೆ ನೋಡುತ್ತಾನೆ.

ಓದುಗರು ದಯವಿಟ್ಟು ಒಂದು ಪೆನ್ಸಿಲು ತೆಗೆದುಕೊಳ್ಳಬೇಕು. ಬೆಂಗಳೂರಿನ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಅಂಥವನೊಬ್ಬ ಇಲ್ಲದ ಮನೆ ಅಪರೂಪ. ವಾರಕ್ಕೆ 168 ಗಂಟೆ. ದಿನಕ್ಕೆ ಎಂಟು ಗಂಟೆ ನಿದ್ದೆ ಎಂದರೆ 56 ಹೋಯಿತು. ಉಳಿದದ್ದು 112. ಕಾಲೇಜು ಐದು ದಿನ ಒಂಬತ್ತರಿಂದ ನಾಲ್ಕರವರೆಗೆ, ಶನಿವಾರ ಅರ್ಧ ದಿನ, ಒಟ್ಟು 39. ನೆಲಮಂಗಲದ ಕಡೆಯಿಂದ ಬನಶಂಕರಿಯ ಕಡೆಗೆ ಬಸ್ಸು ಬದಲಿಸಿ ಹೋಗಿಬರುವವನಿಗೆ ದಾರಿಯಲ್ಲಿ ದಿನಕ್ಕೆ ಮೂರು ಗಂಟೆ ಎಂದರೆ ನಾನು ಧಾರಾಳವಾಗಿಯೇ ಕಡಿಮೆ ಹೇಳುತ್ತಿದ್ದೇನೆ. ಆರು ದಿನಕ್ಕೆ 18. ಸ್ನಾನ, ಊಟ, ತಿಂಡಿ, ಬಟ್ಟೆಬರೆ, ಅಂಗಡಿಗೊಮ್ಮೆ ಓಡುವುದು, ಇವಕ್ಕೆ ದಿನಕ್ಕೆ ಮೂರು ಗಂಟೆ, ವಾರಕ್ಕೆ 21. ಎಲ್ಲ ಕಳೆದು ಉಳಿದದ್ದು 34 ಗಂಟೆ. ಭಾನುವಾರವೂ ಇದರಲ್ಲಿಯೇ ಸೇರಿತು. ಹುಡುಗಿಯಾದರೆ ಪಾತ್ರೆ, ಒಗ್ಗರಣೆ, ನೆಂಟರಿಗೆ ಕಾಫಿ ಎಂದು ಇನ್ನಷ್ಟು ಕಳೆಯಬೇಕು. ಆ ಲೆಕ್ಕವನ್ನು ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು.

ಈಗ ಖರ್ಚಿನ ಕಡೆ ನೋಡೋಣ. ಕಾಲೇಜಿನ 39 ಗಂಟೆಗಳಲ್ಲಿ ಮಧ್ಯಾಹ್ನದ ಊಟದ ಐದನ್ನೂ ಪ್ರಯೋಗಶಾಲೆಯ ಆರನ್ನೂ ತೆಗೆದರೆ ಪಾಠ ಕೇಳುವ ಗಂಟೆಗಳು 28. ಒಂದು ಗಂಟೆ ಕೇಳಿದ ಪಾಠವನ್ನು ಒಂದು ಗಂಟೆಯಾದರೂ ಕೂತು ಓದಬೇಕೆಂದು ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ, ಸರಿಯಾದ ಮಾತು. ಆದುದರಿಂದ ಓದಿಗೆ 28. ಅಸೈನ್‌ಮೆಂಟು, ರೆಕಾರ್ಡು, ಸೆಮಿನಾರು, ಪ್ರಾಜೆಕ್ಟುಗಳಿಗೆಲ್ಲ ಸೇರಿ ಎಂಟೇ ಗಂಟೆ ಎನ್ನಿ. ಒಟ್ಟು 36. ಕೈಯಲ್ಲಿರುವುದು 34. ಒಂದು ಜ್ವರ ಬರುವ ಮುಂಚೆ, ಅಕ್ಕನ ಮದುವೆ ನಿಶ್ಚಯವಾಗುವ ಮುಂಚೆ, ಸಿಲ್ಕ್ ಬೋರ್ಡಿನಲ್ಲಿ ಮಳೆ ನೀರು ನಿಲ್ಲುವ ಮುಂಚೆ, ಒಬ್ಬ ಸ್ನೇಹಿತನೊಡನೆ ಒಂದು ಲೋಟ ಕಾಫಿ ಕುಡಿಯುವ ಮುಂಚೆ, ನಮ್ಮ ಹುಡುಗ ವಾರಕ್ಕೆ ಎರಡು ಗಂಟೆ ಸಾಲಗಾರ. ಸಾಲವನ್ನು ಅವನು ಎಲ್ಲಿಂದ ತೀರಿಸುತ್ತಾನೆ? ನಿದ್ದೆಯಿಂದ. ಇಂಥವನನ್ನು ಸಭಾಂಗಣಕ್ಕೆ ಕರೆದು, ದಿನಕ್ಕೆ ಎಂಟು ಗಂಟೆ ನಿದ್ದೆ ಆರೋಗ್ಯಕ್ಕೆ ಅವಶ್ಯಕ ಎಂದು ಬೋಧಿಸುವುದು ಬರಗಾಲದಲ್ಲಿ ತುಪ್ಪದ ಗುಣಗಳನ್ನು ವರ್ಣಿಸಿದಂತೆ.

ತಮಾಷೆಯೆಂದರೆ ಸರಕಾರದ ಕಾಗದದಲ್ಲಿ ಈ ಲೆಕ್ಕ ಬಹಳ ಸೊಗಸಾಗಿದೆ. 2023ರಲ್ಲಿ ಹೊರಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷವೊಂದರ ಕಲಿಕೆ 40 ಕ್ರೆಡಿಟ್. ಅದಕ್ಕೆ 1200 ಗಂಟೆ. ಪಾಠ, ಪ್ರಯೋಗ, ಸ್ವಂತ ಓದು ಎಲ್ಲವೂ ಅದರೊಳಗೇ ಅಡಕ. ಮೂವತ್ತು ವಾರಗಳಿಗೆ ಹಂಚಿದರೆ ವಾರಕ್ಕೆ 40 ಗಂಟೆ, ಅಂದರೆ ಕಚೇರಿಯ ಗುಮಾಸ್ತನ ದುಡಿಮೆ. ನಮ್ಮ ಹುಡುಗನ ಪಾಠ, ಪ್ರಯೋಗ, ಓದು, ಬರವಣಿಗೆಗಳನ್ನು ಕೂಡಿದರೆ 70 ಆಗುತ್ತದೆ. 2023ರಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶದಲ್ಲೆಲ್ಲ ಗಲಾಟೆಯೆದ್ದಿತು. ಅಂದು ಸಿಟ್ಟಾದ ತಂದೆಯರು ತಮ್ಮ ಮನೆಯ ಮಹಡಿಯ ಕೋಣೆಯಲ್ಲಿ ರಾತ್ರಿ ಒಂದು ಗಂಟೆಯವರೆಗೆ ಉರಿಯುವ ದೀಪವನ್ನು ನೋಡಿ, ‘ಹುಡುಗ ಚೆನ್ನಾಗಿ ಓದುತ್ತಿದ್ದಾನೆ’ ಎಂದು ಸಂತೋಷಪಟ್ಟು ಮಲಗಿದರು.

ಇಲ್ಲಿಗೆ ಹಿರಿಯರೊಬ್ಬರು ಎದ್ದು ನಿಲ್ಲುತ್ತಾರೆ. ‘ನಿಮ್ಮ ಲೆಕ್ಕ ಹಾಗಿರಲಿ ಸ್ವಾಮಿ, ನಾವು ಹೇಗೆ ಓದಿದೆವು ಗೊತ್ತೆ? ವಾರಾನ್ನದ ಮೇಲೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಬೀದಿಯ ದೀಪದ ಕೆಳಗೆ ಕೂತು ಓದಿದೆವು. ನಮಗೆ ಯಾವ ಒತ್ತಡವೂ ಇರಲಿಲ್ಲ.’ ಈ ಮಾತಿಗೆ ನಾನು ತಲೆ ಬಾಗುತ್ತೇನೆ. ಹಸಿವು ಅವರಿಗೆ ಗೊತ್ತಿತ್ತು, ಇಂದಿನ ಹುಡುಗರಲ್ಲಿ ಬಹುಮಂದಿಗೆ ಗೊತ್ತಿಲ್ಲ. ಆದರೆ ಅವರು ಮರೆತ ಒಂದು ಸಂಗತಿಯನ್ನು ನೆನಪಿಸಬೇಕಾಗಿದೆ. ಅವರಿಗೆ ವರ್ಷ ಎಂಬುದೊಂದು ಇತ್ತು. ಜೂನಿನಲ್ಲಿ ಕಾಲೇಜು ತೆರೆದರೆ ಪರೀಕ್ಷೆ ಬೇಸಗೆಯಲ್ಲಿ. ನಡುವಿನ ತಿಂಗಳುಗಳಲ್ಲಿ ಹುಡುಗ ಪಠ್ಯದಲ್ಲಿಲ್ಲದ ಕಾದಂಬರಿಗಳನ್ನು ಓದಿದ, ನಾಟಕವಾಡಿದ, ಚರ್ಚಾಸ್ಪರ್ಧೆಗೆ ಹೋದ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸುಮ್ಮನೆ ನಡೆದ. ಎಷ್ಟೋ ಜನರ ಮನಸ್ಸು ಬೆಳೆದದ್ದು ಆ ಪೋಲಾದ ತಿಂಗಳುಗಳಲ್ಲಿಯೇ.

ಹಾಗೆಂದು ವಾರ್ಷಿಕ ಪರೀಕ್ಷೆ ಸತ್ಯಯುಗದ್ದೆಂದು ನಾನು ಹೇಳುವುದಿಲ್ಲ. ಅದು ಕ್ರೂರವಾದ ಜೂಜು. ಇಡೀ ವರ್ಷದ ಹಣೆಬರಹ ಮೂರು ಗಂಟೆಯಲ್ಲಿ ತೀರ್ಮಾನವಾಗುತ್ತಿತ್ತು. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ 1948–49ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗ, ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಯ ಸುಧಾರಣೆ ಎಂಬರ್ಥದ ಮಾತನ್ನು ಸ್ಪಷ್ಟವಾಗಿ ಬರೆಯಿತು. 1964–66ರ ಕೊಠಾರಿ ಆಯೋಗವೂ ಕಾಲೇಜಿನೊಳಗಿನ ನಿರಂತರ ಮೌಲ್ಯಮಾಪನದ ಕಡೆಗೆ ಕೈ ತೋರಿಸಿತು. ಭಾರವನ್ನು ಹಂಚಿದರೆ ಹಗುರವಾಗುತ್ತದೆ ಎಂಬುದು ಅವರ ಎಣಿಕೆ. ನಾವು ಮಾಡಿದ್ದೇನು? ದೊಡ್ಡ ಪರೀಕ್ಷೆಯನ್ನು ಹಾಗೆಯೇ ಉಳಿಸಿಕೊಂಡು ಅದನ್ನು ವರ್ಷಕ್ಕೆ ಎರಡು ಸಲ ಮಾಡಿದೆವು. ಅದರ ಮುಂದೆ ಕಿರುಪರೀಕ್ಷೆ, ಕ್ವಿಜ್, ಅಸೈನ್‌ಮೆಂಟು, ಸೆಮಿನಾರುಗಳ ಸಾಲು ನಿಲ್ಲಿಸಿದೆವು. ಹಿಂದೆ ವರ್ಷಕ್ಕೊಂದು ತಿಂಗಳು ಇದ್ದ ಪರೀಕ್ಷೆಯ ಭಯ ಈಗ ಹನ್ನೆರಡು ತಿಂಗಳ ಬಾಡಿಗೆದಾರನಾಗಿ ಕೂತಿದೆ. ಅದರ ಮೇಲೆ ಹಾಜರಿಯ ಕತ್ತಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ನಿಯಮದಲ್ಲಿ ಅದು ನೂರಕ್ಕೆ 85. ಕಾಮಾಲೆಯಾದವನು ಹಾಸಿಗೆಯಲ್ಲಿ ಮಲಗಿ ಪಥ್ಯದ ಅನ್ನಕ್ಕಿಂತ ಹೆಚ್ಚಾಗಿ ಈ ಅಂಕಿಯನ್ನು ಧ್ಯಾನಿಸುತ್ತಾನೆ.

ಮೇಷ್ಟ್ರುಗಳನ್ನು ಕೇಳಿ ನೋಡಿ. ಪ್ರತಿಯೊಬ್ಬರೂ ಸಜ್ಜನರು. ‘ನಾನು ಕೊಟ್ಟದ್ದು ಒಂದೇ ಅಸೈನ್‌ಮೆಂಟು, ಹತ್ತೇ ಪುಟ’ ಎನ್ನುತ್ತಾರೆ, ಸತ್ಯವನ್ನೇ ಹೇಳುತ್ತಾರೆ. ಆದರೆ ಆರು ವಿಷಯಗಳಿಗೆ ಆರು ಜನ ಮೇಷ್ಟ್ರು. ಆರು ಜನ ಅತ್ತೆಯರಿರುವ ಮನೆಗೆ ಬಂದ ಸೊಸೆಗೆ ಒಬ್ಬೊಬ್ಬ ಅತ್ತೆಯೂ ಒಂದೊಂದೇ ಸಣ್ಣ ಕೆಲಸ ಹೇಳುತ್ತಾಳೆ. ಹೇಳುವವರಲ್ಲಿ ಯಾರೂ ಕೆಟ್ಟವರಲ್ಲ, ಒಬ್ಬರಿಗೆ ಇನ್ನೊಬ್ಬರು ಹೇಳಿದ್ದು ತಿಳಿಯದು, ಅಷ್ಟೇ. ಒಂದು ತರಗತಿಯ ಎಲ್ಲ ವಿಷಯಗಳ ಕೆಲಸವನ್ನೂ ಗಡುವುಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಕೂಡುವ ಮನುಷ್ಯ ಎಷ್ಟು ಕಾಲೇಜುಗಳಲ್ಲಿದ್ದಾನೆ? ಶುಲ್ಕದ ಬಾಕಿಯನ್ನು ಪೈಸೆಗೆ ಪೈಸೆ ಕೂಡುವ ಗುಮಾಸ್ತರು ಎಲ್ಲ ಕಡೆಯೂ ಇದ್ದಾರೆ.

ರೆಕಾರ್ಡಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಕಾಲೇಜುಗಳ ಮಹಾಯಜ್ಞ ಅದೇ. ಪ್ರಯೋಗ ಮಾಡಿದವನು ತಾನು ಕಂಡದ್ದನ್ನು ಕಂಡಂತೆ ಬರೆದಿಡಬೇಕು ಎಂಬುದು ವಿಜ್ಞಾನದ ಮೊದಲ ಪಾಠ. ಅದಕ್ಕಾಗಿ ಹುಟ್ಟಿದ್ದು ರೆಕಾರ್ಡು. ಇಂದು ಅದು ಹಿಂದಿನ ವರ್ಷದ ಹುಡುಗನ ರೆಕಾರ್ಡನ್ನು ಮುಂದಿಟ್ಟುಕೊಂಡು ಎಡಪುಟಕ್ಕೆ ಚಿತ್ರ, ಬಲಪುಟಕ್ಕೆ ಗೆರೆ ತಪ್ಪದ ಬರವಣಿಗೆ ಎಂದು ನಕಲು ಮಾಡುವ ಲಿಪಿಕಾರಿಕೆಯಾಗಿದೆ. ಉಪಕರಣ ಕೆಟ್ಟು ಪ್ರಯೋಗವೇ ನಡೆಯದಿದ್ದರೂ ಉತ್ತರ ಮಾತ್ರ ಮೂರು ದಶಮಾಂಶ ಸ್ಥಾನದವರೆಗೆ ಸರಿಯಾಗಿ ಬರುತ್ತದೆ. ತಾನು ಕಂಡ ತಪ್ಪು ಅಂಕಿಯನ್ನು ಪ್ರಾಮಾಣಿಕವಾಗಿ ಬರೆದ ಹುಡುಗನಿಗೆ ‘ಮತ್ತೆ ಬರಿ’ ಎಂಬ ಕೆಂಪು ಶಾಯಿ. ಅಸೈನ್‌ಮೆಂಟಿನ ಕಥೆ ಇನ್ನೂ ಮುಂದುವರಿದಿದೆ. ಈಗ ಕೃತಕ ಬುದ್ಧಿಯ ಯಂತ್ರವನ್ನು ಕೇಳಿದರೆ ಅರ್ಧ ನಿಮಿಷದಲ್ಲಿ ಹತ್ತು ಪುಟ ಬರೆದುಕೊಡುತ್ತದೆ. ನಕಲನ್ನು ತಡೆಯಬೇಕೆಂದು ಕಾಲೇಜು, ‘ಕೈಬರಹದಲ್ಲಿಯೇ ಇರಬೇಕು’ ಎಂದು ಆಜ್ಞೆ ಮಾಡಿತು. ಹುಡುಗ ವಿಧೇಯನಾಗಿ, ಯಂತ್ರ ಬರೆದದ್ದನ್ನು ಫೋನಿನ ಪರದೆಯಿಂದ ರಾತ್ರಿ ಎರಡು ಗಂಟೆಯವರೆಗೆ ಕೈಯಲ್ಲಿ ನಕಲು ಮಾಡುತ್ತಾನೆ. ಯೋಚಿಸುವ ಕೆಲಸ ಯಂತ್ರಕ್ಕೆ, ಯಂತ್ರದ ಕೆಲಸ ಮನುಷ್ಯನಿಗೆ! ಇದು ಮೇಷ್ಟ್ರಿಗೆ ಗೊತ್ತು. ಮೇಷ್ಟ್ರಿಗೆ ಗೊತ್ತೆಂಬುದು ಹುಡುಗನಿಗೆ ಗೊತ್ತು. ಅರವತ್ತು ಜನರ ಎರಡು ತರಗತಿಗಳಿದ್ದರೆ ಅವರ ಮೇಜಿನ ಮೇಲೆ ನೂರಿಪ್ಪತ್ತು ಕಟ್ಟುಗಳು. ಓದಲು ಯಾವ ಮನುಷ್ಯನಿಂದಲೂ ಸಾಧ್ಯವಿಲ್ಲ. ಪುಟ ತಿರುವಿ ಸಹಿ ಹಾಕುತ್ತಾರೆ. ಬರೆದವನು ಓದಲಿಲ್ಲ, ಸಹಿ ಹಾಕಿದವರೂ ಓದಲಿಲ್ಲ. ಈ ಪೂಜೆಗೆ ಬಲಿಯಾದದ್ದು ಹುಡುಗನ ನಿದ್ದೆ, ಮೇಷ್ಟ್ರ ಭಾನುವಾರ. ಇದನ್ನು ನಾಳೆಯೇ ನಿಲ್ಲಿಸಿದರೆ ವಿದ್ಯೆಗೆ ಎಳ್ಳಷ್ಟು ನಷ್ಟವಿಲ್ಲ.

ಇದುವರೆಗೆ ಹೇಳಿದ್ದು ನಗರದ ಹುಡುಗನ ಕಥೆ. ಹಾವೇರಿಯ ಹಳ್ಳಿಯಿಂದಲೋ ಯಾದಗಿರಿಯಿಂದಲೋ ಬಂದವನ ಲೆಕ್ಕವೇ ಬೇರೆ. ಹತ್ತನೆಯ ತರಗತಿಯವರೆಗೆ ಅವನು ಕನ್ನಡದಲ್ಲಿ ಓದಿದ. ‘ವೇಗೋತ್ಕರ್ಷ’ ಎಂದರೆ ಏನೆಂದು ಅವನಿಗೆ ಸ್ಪಷ್ಟವಾಗಿ ಗೊತ್ತು. ‘ಆಕ್ಸಿಲರೇಷನ್’ ಎಂದಾಗ ಒಂದು ಕ್ಷಣ ನಿಂತು ಇದು ಅದೇ ಎಂದು ಹೊಂದಿಸಿಕೊಳ್ಳಬೇಕು. ಆ ಒಂದು ಕ್ಷಣದಲ್ಲಿ ಮೇಷ್ಟ್ರು ಹಲಗೆಯ ಮೇಲೆ ಮೂರು ಸಾಲು ಮುಂದೆ ಹೋಗಿರುತ್ತಾರೆ. ಪಕ್ಕದವನು ಒಂದು ಗಂಟೆಯಲ್ಲಿ ಓದುವ ಅಧ್ಯಾಯ ಇವನಿಗೆ ಎರಡು ಗಂಟೆ ತೆಗೆದುಕೊಳ್ಳುತ್ತದೆ. ಮೊದಲು ಭಾಷೆ, ಆಮೇಲೆ ವಿಷಯ. ಮೇಲಿನ ಲೆಕ್ಕದ 28 ಗಂಟೆಯನ್ನು ಇವನ ಪಾಲಿಗೆ 56 ಮಾಡಿಕೊಂಡು ನೋಡಿ. ಕ್ರೆಡಿಟ್ ಚೌಕಟ್ಟಿನಲ್ಲಿ ಈ ಗಂಟೆಗಳಿಗೆ ಮನೆಯಿಲ್ಲ. ಅವನು ಮೊದಲ ಕಿರುಪರೀಕ್ಷೆಯಲ್ಲಿ ಹಿಂದೆ ಬಿದ್ದಾಗ ತನ್ನ ಬುದ್ಧಿಯೇ ಕಡಿಮೆ ಎಂದು ತಿಳಿಯುತ್ತಾನೆ. ಊರಿನಲ್ಲಿ ಶಾಲೆಗೇ ಮೊದಲಿಗನಾಗಿದ್ದವನು! ಬುದ್ಧಿಯ ಮಾತಲ್ಲವಪ್ಪ, ಇದು ಗಂಟೆಯ ಮಾತು ಎಂದು ಅವನಿಗೆ ಹೇಳುವವರು ಯಾರು? ಒತ್ತಡದ ಉಪನ್ಯಾಸವಿದೆಯಲ್ಲ ಎನ್ನಬೇಡಿ. ಆ ಉಪನ್ಯಾಸವೂ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ.

ಹುಡುಗರಲ್ಲಿ ಸೋಮಾರಿಗಳಿಲ್ಲವೇ, ದಿನಕ್ಕೆ ನಾಲ್ಕು ಗಂಟೆ ಫೋನು ಉಜ್ಜುವವರಿಲ್ಲವೇ ಎಂದು ಕೇಳಬಹುದು. ಇದ್ದಾರೆ. ಅವರ ಪರವಾಗಿ ನಾನು ವಕಾಲತ್ತು ವಹಿಸಿಲ್ಲ. ಆದರೆ ಓದುವುದು ಹೇಗೆಂದು ಅವರಿಗೆ ಯಾರಾದರೂ ಕಲಿಸಿದ್ದಾರೆಯೇ? ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ, ಬಿಟ್ಟು ಬಿಟ್ಟು ಮರಳಿ ಓದಿದರೆ ಹೇಗೆ ನಿಲ್ಲುತ್ತದೆ ಎಂದು ತೋರಿಸಿದ. ಪುಸ್ತಕವನ್ನು ಹತ್ತು ಸಲ ಓದುವುದಕ್ಕಿಂತ ಪುಸ್ತಕ ಮುಚ್ಚಿ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದು ಮೇಲು ಎಂಬುದನ್ನು ಈಚಿನ ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡುಕೊಂಡಿದ್ದಾರೆ. ಇದು ನಮಗೆ ಹೊಸದೇನಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜನ ಮುಂದೆ ಕೂತು ದಿನವೂ ಮಗ್ಗಿ ಒಪ್ಪಿಸುತ್ತಿದ್ದ ಮಕ್ಕಳು ಮಾಡುತ್ತಿದ್ದುದು ಇದನ್ನೇ. ಕಾಲೇಜಿನ ಮೊದಲ ವಾರದಲ್ಲಿ ಸಂಸ್ಥೆಯ ಕೀರ್ತಿ, ಕಟ್ಟಡಗಳ ವಿಸ್ತೀರ್ಣ, ಯಾವ ಕಂಪನಿ ಎಷ್ಟು ಲಕ್ಷ ಕೊಟ್ಟಿತು ಎಂಬುದನ್ನು ವರ್ಣಿಸುವ ಬದಲು ಇದನ್ನು ಎರಡು ದಿನ ಕಲಿಸಬಹುದಾಗಿತ್ತು. ಕಲಿಸಿದರೂ ಹುಡುಗ ಅದನ್ನು ಬಳಸುವಂತಿಲ್ಲ. ವಾರ ಬಿಟ್ಟು ವಾರ ಮರಳಿ ಓದಬೇಕಾದರೆ ಖಾಲಿ ಗಂಟೆಗಳು ಬೇಕು. ಮೂರು ವಿಷಯಗಳ ಕಿರುಪರೀಕ್ಷೆ ಒಂದೇ ವಾರದಲ್ಲಿ ಬಂದರೆ ರಾತ್ರಿಯೆಲ್ಲ ನುಂಗಿ ಬೆಳಿಗ್ಗೆ ಬ್ಲೂ ಬುಕ್ಕಿನಲ್ಲಿ ಕಕ್ಕುವುದೊಂದೇ ದಾರಿ. ಆ ದಾರಿಯನ್ನು ಹಾಕಿಕೊಟ್ಟವರು ನಾವು.

ಪದವಿ ಕಾಲೇಜುಗಳಲ್ಲಿ ಇನ್ನೊಂದು ಗೊಂದಲ. 2021–22ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ಅವಸರದಿಂದ ತಂದಿತು. 2024ರ ಮೇ ತಿಂಗಳಲ್ಲಿ ಮೂರು ವರ್ಷಕ್ಕೆ ಮರಳಿತು. ಯಾವುದು ಸರಿ ಎಂದು ಪಂಡಿತರು ವಾದಿಸಲಿ. ನಡುವೆ ಸೇರಿದ ಹುಡುಗನಿಗೆ ಅಣ್ಣನ ಪುಸ್ತಕ ತಮ್ಮನಿಗೆ ಬಾರದಾಯಿತು, ಹಳೆಯ ಪ್ರಶ್ನೆಪತ್ರಿಕೆ ಉಪಯೋಗಕ್ಕೆ ಬಾರದಾಯಿತು. ಸರಕಾರಿ ಕಾಲೇಜುಗಳಲ್ಲಿ ಪಾಠದ ಭಾರ ಹೊತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವು ಇಲ್ಲಿರುತ್ತೇವೆಯೇ ಎಂದು ಗೊತ್ತಿಲ್ಲದ ಅವರನ್ನು ವಿದ್ಯಾರ್ಥಿಗೆ ಧೈರ್ಯ ಹೇಳಿ ಎಂದು ಕೇಳುವುದಕ್ಕೆ ಬಾಯಿ ಬರುವುದಿಲ್ಲ.

ಇದೆಲ್ಲ ಬರಿಯ ನಿದ್ದೆಗೇಡಿನ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಈ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ಎಲ್ಲ ಸಾವಿಗೂ ಓದೇ ಕಾರಣವಲ್ಲ. ಮನೆ, ಪ್ರೇಮ, ಕಾಯಿಲೆ, ಜಾತಿಯ ಅವಮಾನ, ಸಾಲ ಎಲ್ಲವೂ ಅದರಲ್ಲಿವೆ. ಆದರೂ ಆ ಸಂಖ್ಯೆಯನ್ನು ಓದಿ ಪುಟ ತಿರುವುವುದು ಕಷ್ಟ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಒಬ್ಬ ಅರ್ಹ ಆಪ್ತಸಮಾಲೋಚಕರನ್ನಾದರೂ ಇಟ್ಟುಕೊಳ್ಳಬೇಕೆಂದು ಹೇಳಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮೇಲಿನ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಕರೆದರೂ ಹಣವಿಲ್ಲದೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಈ ಸಂಖ್ಯೆಯನ್ನು ಪ್ರತಿ ಮನೆಯವರೂ ಮಕ್ಕಳ ಫೋನಿನಲ್ಲಿ ಬರೆದಿಡಬೇಕು. ಇದರಲ್ಲಿ ನನ್ನ ವ್ಯಂಗ್ಯವೇನೂ ಇಲ್ಲ. ಆದರೆ ಸಮಾಲೋಚಕರಿಗೆ ವೇಳಾಪಟ್ಟಿಯ ಮೇಲೆ ಅಧಿಕಾರವಿಲ್ಲ. ಅವರು ಹುಡುಗನ ಕಣ್ಣೀರು ಒರೆಸಬಲ್ಲರು. ಬುಧವಾರದ ಮೂರು ಗಡುವುಗಳಲ್ಲಿ ಒಂದನ್ನು ಶುಕ್ರವಾರಕ್ಕೆ ಹಾಕಲಾರರು. ಗಾಯಕ್ಕೆ ಪಟ್ಟಿ ಕಟ್ಟುವವರನ್ನು ನೇಮಿಸಿದ್ದೇವೆಂದು ದಾರಿಯಲ್ಲಿ ಮುಳ್ಳು ಹಾಕುವುದನ್ನು ಮುಂದುವರಿಸಬಹುದೇ?

ವ್ಯವಸ್ಥೆ ಬದಲಾಗುವುದಿಲ್ಲ ಎನ್ನುವವರು ನಮ್ಮ ರಾಜ್ಯವನ್ನೇ ನೋಡಬೇಕು. 2023–24ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಮೂರು ಪರೀಕ್ಷೆಗಳು ಬಂದವು. ಮೂರರಲ್ಲಿ ಹೆಚ್ಚು ಅಂಕ ಬಂದದ್ದನ್ನು ವಿದ್ಯಾರ್ಥಿ ಇಟ್ಟುಕೊಳ್ಳಬಹುದಾಗಿತ್ತು. ‘ಸಪ್ಲಿಮೆಂಟರಿ’ ಎಂದು ಎರಡು ತಲೆಮಾರು ಹುಡುಗರ ಬೆನ್ನಿಗೆ ಅಂಟಿದ್ದ ಹೆಸರು ಒಂದು ಆಜ್ಞೆಯಿಂದ ಹೋಯಿತು. ಇದರ ಬಗ್ಗೆ ಮೇಷ್ಟ್ರುಗಳಿಗೆ ದೂರುಗಳಿವೆ, ಬೇಸಗೆಯೆಲ್ಲ ಮೌಲ್ಯಮಾಪನದಲ್ಲಿ ಕಳೆಯುತ್ತದೆಂದು, ನ್ಯಾಯವಾದ ದೂರೇ. ಆದರೂ ಎಡವಿದವನಿಗೆ ನಾಚಿಕೆಯಿಲ್ಲದೆ ಮತ್ತೆ ಏಳಲು ಅವಕಾಶ ಸಿಕ್ಕಿತು. ಇಂಜಿನಿಯರಿಂಗಿನಲ್ಲಿ ‘ಬ್ಯಾಕ್‌ಲಾಗ್’ ಎಂಬ ಮಾತನ್ನು ಹುಡುಗರು ಇನ್ನೂ ಅಪ್ಪನ ಮುಂದೆ ಹೇಳಲು ಹೆದರುತ್ತಾರೆ. ನಾವು ವಿಶ್ವವಿದ್ಯಾನಿಲಯದ ಅಡಿಯಾಳುಗಳು, ನಮ್ಮ ಕೈಯಲ್ಲೇನಿದೆ ಎಂಬ ಸಬೂಬನ್ನು ಸ್ವಾಯತ್ತ ಕಾಲೇಜುಗಳು ಹೇಳುವಂತಿಲ್ಲ. ಬೆಂಗಳೂರಿನ ಎಷ್ಟೋ ದೊಡ್ಡ ಕಾಲೇಜುಗಳು ಇಂದು ಸ್ವಾಯತ್ತವೇ. ಪಠ್ಯವೂ ಅವರದೇ, ಪರೀಕ್ಷೆಯೂ ಅವರದೇ. ಸ್ವಾಯತ್ತತೆಯನ್ನು ಬೋರ್ಡಿನ ಮೇಲೆ ಬರೆಸಲು ಬಳಸಿದವರು ಬೇಡದ ಬರವಣಿಗೆಯನ್ನು ಕಿತ್ತುಹಾಕಲು ಏಕೆ ಬಳಸಬಾರದು?

ತಂದೆತಾಯಿಗಳಿಗೆ ಒಂದು ಮಾತು. ಕಾಲೇಜಿನವರು ಮೊದಲ ಕಿರುಪರೀಕ್ಷೆಯ ಅಂಕ ಬಂದ ಮೇಲೆ ನಿಮ್ಮನ್ನು ಸಭೆಗೆ ಕರೆಯುತ್ತಾರೆ. ನೀವು ಬ್ಯಾಂಕಿಗೆ ಅರ್ಧ ದಿನ ರಜ ಹಾಕಿ ಹೋಗುತ್ತೀರಿ. ಮೇಷ್ಟ್ರು ಅಂಕಪಟ್ಟಿ ತೋರಿಸುತ್ತಾರೆ. ನೀವು ಅವರೆದುರಿಗೇ ಮಗನನ್ನು ಗದರಿಸುತ್ತೀರಿ. ಎಲ್ಲರೂ ಸಮಾಧಾನವಾಗಿ ಮನೆಗೆ ಹೋಗುತ್ತಾರೆ, ಮಗನೊಬ್ಬನ ಹೊರತು. ಈ ಸಲ ಬೇರೆ ರೀತಿ ಮಾಡಿ. ಅಂಕಪಟ್ಟಿಯನ್ನು ಬದಿಗಿಟ್ಟು, ಈ ಸೆಮಿಸ್ಟರಿನಲ್ಲಿ ನನ್ನ ಮಗ ಒಪ್ಪಿಸಬೇಕಾದ ಎಲ್ಲ ಅಸೈನ್‌ಮೆಂಟು, ರೆಕಾರ್ಡು, ಸೆಮಿನಾರುಗಳೂ ಎಲ್ಲ ಕಿರುಪರೀಕ್ಷೆಗಳೂ, ಎಲ್ಲ ವಿಷಯಗಳದೂ, ತಾರೀಖಿನೊಡನೆ ಇರುವ ಒಂದು ಹಾಳೆ ಕೊಡಿ ಎಂದು ಕೇಳಿ. ಪ್ರತಿಯೊಂದರ ಮುಂದೆ ಅದಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ ಎಂದು ಕೊಟ್ಟ ಮೇಷ್ಟ್ರೇ ಬರೆಯಲಿ. ಅಂಥ ಹಾಳೆ ಇಲ್ಲ ಎಂದು ಅವರು ಹೇಳಿದರೆ, ಅದು ಸಿದ್ಧವಾಗುವವರೆಗೆ ಅಲ್ಲಿಯೇ ಬೆಂಚಿನ ಮೇಲೆ ಕೂತಿರಿ. ಹೇಗೂ ಅರ್ಧ ದಿನದ ರಜ ಹಾಕಿದ್ದೀರಿ.